ಕರೆಯದವರ ತಾಟು

ಆ ತಾಟಿಗೆ ಯಾವ ಕಾಲಕ್ಕೂ ಯಾರೂ ಬಂದು ಕೂಡುವುದಿಲ್ಲ ಎಂದವಳು ನನ್ನ ಅತ್ತೆ, ಅಪ್ಪನ ಅಕ್ಕ. ನನ್ನ ಡಿಗ್ರಿ ಮುಗಿಯುವುದಿಲ್ಲ ಎಂದವಳೂ ಅವಳೇ. ಎರಡನ್ನೂ ಒಂದೇ ಸಂಜೆ, ಒಂದೇ ಉಸಿರಿನಲ್ಲಿ ಹೇಳಿದ್ದಳು.

ಜಹೀರಾಬಾದಿನಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು ನಾನು ಕಾಲೇಜಿಗೆ ಹೋಗತೊಡಗಿದ ಮೊದಲ ವರ್ಷ ಅದು. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ, ಮಾವ ಪಾಲಿಗೆ ಮಾಡಿದ ಹೊಲದಲ್ಲಿ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಉಂಡು, ಎಲ್ಲರೂ ಆಟೋದಲ್ಲಿ ವಾಪಸು ಬಂದಾಗ ಹೊತ್ತು ಮುಳುಗಿತ್ತು. ಬಾಜೂ ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಒಗೆದ ಬಿಳಿ ಬಟ್ಟೆ, ಅದರ ಮೇಲೆ ಎರಡು ಸ್ಟೀಲಿನ ತಾಟು. ಒಂದರ ಮುಂದೆ ಆ ಮನೆಯ ಹೆಂಗಸು ಕೂತಿದ್ದಳು. ಇನ್ನೊಂದರ ಮುಂದೆ ಯಾರೂ ಇರಲಿಲ್ಲ. ಎರಡಕ್ಕೂ ಬಡಿಸಿತ್ತು.

‘ಯಾರಿಗತ್ತಿ ಆ ತಾಟು?’ ಎಂದೆ.

ಅತ್ತೆ ನನ್ನ ರಟ್ಟೆ ಹಿಡಿದು ಎಳೆದಳು. ‘ಆ ಕಡಿ ನೋಡಬ್ಯಾಡ ಬೇ. ಆ ತಾಟಿಗಿ ಯಾರೂ ಬರಂಗಿಲ್ಲ, ಯಾರೂ ಕೂಡಂಗಿಲ್ಲ. ಇಂಥಾವೆಲ್ಲ ನೋಡ್ಕೋತ ನಿಂತ್ರ ನಿನ್ನ ಡಿಗ್ರಿನೂ ಆಗಂಗಿಲ್ಲ. ನಮ್ಮ ಮನಿತನದಾಗ ಯಾರಿಗಿ ಆಗ್ಯಾದ, ನಿನಗ ಆಗಾಕ?’

ಬಾಜೂ ಮನೆಯ ಆ ಹೆಂಗಸಿನ ಹೆಸರು ಇಲ್ಲಿ ಬರೆಯುವುದಿಲ್ಲ. ಇದ್ದಾಗಲೂ ನಮ್ಮ ಗಲ್ಲಿಯಲ್ಲಿ ಅದು ಬಳಕೆಯಲ್ಲಿರಲಿಲ್ಲ. ಎಲ್ಲರ ಬಾಯಲ್ಲಿ ಆಕೆ ‘ಮಸ್ಕತ್ತಿನಾಕಿ’. ಮದುವೆಯಾದ ಹೊಸದರಲ್ಲೇ ಗಂಡ ಬಿಟ್ಟುಹೋದ ಮೇಲೆ ಮಸ್ಕತ್ತಿಗೆ ಮನೆಗೆಲಸಕ್ಕೆ ಹೋಗಿ, ಬಹಳ ವರ್ಷ ಅಲ್ಲೇ ದುಡಿದು, ಕೂದಲು ಹಣ್ಣಾಗತೊಡಗಿದಾಗ ತಿರುಗಿ ಬಂದವಳು. ಹುಟ್ಟಿದ್ದು ಕೊಡಂಗಲ್ ಕಡೆಯ ಹಳ್ಳಿ. ಅಲ್ಲಿಗೆ ಹೋಗಲಿಲ್ಲ. ತಾಂಡೂರಿನಲ್ಲಿ ತಂಗಿ ಇದ್ದಳು. ಅಲ್ಲಿಗೂ ಹೋಗಲಿಲ್ಲ. ಜಹೀರಾಬಾದಿನ ಒಂದು ಖಾಸಗಿ ದವಾಖಾನೆಯಲ್ಲಿ ಆಯಾ ಕೆಲಸ ಹಿಡಿದು ನಮ್ಮ ಬಾಜೂ ಒಂದು ಕೋಣೆ ಬಾಡಿಗೆಗೆ ತೆಗೆದುಕೊಂಡಿದ್ದಳು. ಇದೇ ಊರು ಯಾಕೆ ಎಂದು ಕೇಳಿದರೆ, ‘ಇಲ್ಲಿ ಬಸ್ಸು ಇಳದೆ, ಚಾ ಕುಡದೆ, ಚಾ ಛಲೋ ಇತ್ತು’ ಎನ್ನುತ್ತಿದ್ದಳು. ನಾನು ಆಕೆಯನ್ನು ದೊಡ್ಡವ್ವ ಎಂದು ಕರೆಯುತ್ತಿದ್ದೆ.

ತೆರೆದ ಬಾಗಿಲನ್ನೂ ಬಡಿದು ಒಳಗೆ ಬರುವುದು ಆಕೆಯ ರೂಢಿ. ‘ಬಾಗಲಾ ತೆರದೇ ಅದಲ್ಲ, ಪೊಲೀಸರು ಬಂದಂಗ ಏನ್ ಬಡೀತಾಳ ನೋಡು!’ ಎಂದು ಅತ್ತೆ ಒಳಗಿನಿಂದ ಬೈಯುತ್ತಿದ್ದಳು. ಬೈದದ್ದು ಕೇಳಿಸಿದರೂ ಆಕೆ ‘ಬರ್ಲ್ಯಾ?’ ಎಂದು ಕೇಳಿಯೇ ಕಾಲಿಡುತ್ತಿದ್ದಳು. ಬಂದರೂ ಹೆಚ್ಚು ಮಾತಿಲ್ಲ. ಕೊಟ್ಟ ಚಹಾ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋಗುವಳು.

ಒಂದು ವಿಷಯಕ್ಕೆ ಮಾತ್ರ ಆಕೆಗೆ ಸಿಟ್ಟು ಬರುತ್ತಿತ್ತು. ಬಸ್ಸಿನ ಅವಸರದಲ್ಲಿ ನಾನು ಒಲೆಯ ಮುಂದೆ ನಿಂತು ರೊಟ್ಟಿ ತುರುಕಿಕೊಳ್ಳುವುದನ್ನು ಕಂಡರೆ ಗೋಡೆಯ ಆ ಕಡೆಯಿಂದಲೇ ಕೂಗುತ್ತಿದ್ದಳು. ‘ನಿಂತು ಉಣ್ಣಾಕ ನೀ ಏನ್ ಕುದುರಿ ಏನು? ಕುಂದ್ರು. ಎರಡ್ ತುತ್ತೇ ಉಣ್ಣು, ಕುಂತು ಉಣ್ಣು.’

ಆ ತಾಟಿನ ಬಗ್ಗೆ ಗಲ್ಲಿಯವರಿಗೆ ಏನೂ ಸಂಶಯ ಇರಲಿಲ್ಲ. ನಮ್ಮ ಕಡೆ ಅಮಾವಾಸ್ಯೆಯ ದಿನ, ಉಣ್ಣುವವರಿಲ್ಲದ ತಾಟಿಗೆ ಬಡಿಸಿಟ್ಟರೆ ಅದಕ್ಕೆ ಅರ್ಥ ಒಂದೇ. ಅದು ಸತ್ತವರಿಗೆ ಇಟ್ಟ ಎಡೆ. ಬೇರೆ ಮನೆಯವರು ಅದನ್ನು ಮುಟ್ಟುವುದಿಲ್ಲ, ಮಕ್ಕಳನ್ನು ಆ ಕಡೆ ಬಿಡುವುದಿಲ್ಲ. ನಮ್ಮ ಗಲ್ಲಿಯ ಹಲವು ಮನೆಗಳ ಗೋಡೆಗೆ ಬುದ್ಧನ ಫೋಟೋ ಇದೆ. ಎಡೆ ಗಿಡೆ ಎಲ್ಲಾ ಬಿಟ್ಟೆವು ಎನ್ನುತ್ತಾರೆ. ಅಮಾವಾಸ್ಯೆಯ ಸಂಜೆ ಮಾತ್ರ ಬಿಟ್ಟದ್ದೆಲ್ಲ ವಾಪಸು ಬರುತ್ತದೆ. ಮಸ್ಕತ್ತಿನಲ್ಲಿ ಆಕೆಗೊಂದು ಕೂಸು ಹುಟ್ಟಿ ಸತ್ತಿತ್ತು, ಅದಕ್ಕೇ ಎಡೆ ಎಂದು ಹೆಂಗಸರು ನಲ್ಲಿಯ ಹತ್ತಿರ ಮಾತಾಡಿಕೊಳ್ಳುತ್ತಿದ್ದರು. ಒಬ್ಬಳಂತೂ ಕೂಸು ಗಂಡು ಎಂದೂ ಹೇಳಿದಳು.

ಹೀಗಾಗಿ ಎಳ್ಳಮಾಸಿಯ ಸಂಜೆ ಆಕೆ ಬಾಗಿಲು ತೆರೆದಳೆಂದರೆ ಎದುರಿನ ಮನೆಗಳ ಬಾಗಿಲು ಮುಚ್ಚುತ್ತಿದ್ದವು. ಗಲ್ಲಿಯಲ್ಲಿ ಹಾಯುವವರು ಹಿಂದಿನ ದಾರಿ ಹಿಡಿಯುತ್ತಿದ್ದರು. ಆಕೆ ತುಂಬ ಹೊತ್ತು ಕಾದು, ತನ್ನ ತಾಟಿನದು ಉಂಡು, ಬಾಗಿಲು ಹಾಕಿಕೊಳ್ಳುತ್ತಿದ್ದಳು. ಇನ್ನೊಂದು ತಾಟಿನ ತಂಗಳನ್ನು ಮರುದಿನ ಮುಂಜಾನೆ ತಾನೇ ಉಣ್ಣುತ್ತಿದ್ದಳು. ಕೂತು.

ಎರಡನೇ ವರ್ಷ, ಹಬ್ಬದ ಹಿಂದಿನ ದಿನ, ಆಕೆಯ ಹೊಸ್ತಿಲ ಮೇಲೆ ಕೂತು ಇಬ್ಬರೂ ಹಸಿ ಅವರೆಕಾಯಿ ಸುಲಿಯುತ್ತಿದ್ದೆವು. ಅತ್ತೆ ಮನೆಯಲ್ಲಿರಲಿಲ್ಲ. ಧೈರ್ಯ ಮಾಡಿ ಕೇಳಿದೆ.

‘ದೊಡ್ಡವ್ವ, ಸತ್ತಿದ್ದು ಯಾರು?’

‘ಎಲ್ಲಿ?’

‘ನೀ ಎಡಿ ಇಡ್ತಿಯಲ್ಲ, ಅದಕ್ಕ ಕೇಳ್ದೆ.’

ಆಕೆ ನಕ್ಕಳು. ಕಾಳು ಮಡಿಲಿನಿಂದ ಉರುಳಿ ಬೀಳುವಷ್ಟು ನಕ್ಕಳು. ‘ಸತ್ತೋರಿಗಲ್ಲ ಅದು, ಬರೋರಿಗಿ.’

ಮಸ್ಕತ್ತಿನಲ್ಲಿ ಆಕೆ ಎಷ್ಟೋ ಮನೆಗಳಲ್ಲಿ ಕೆಲಸ ಮಾಡಿದ್ದಳು. ಎಲ್ಲ ಕಡೆ ಊಟ ಅಡುಗೆಮನೆಯಲ್ಲಿ, ನಿಂತು, ಕೆಲಸದ ನಡುವೆ. ಕಡೆಗೆ ಸಿಕ್ಕಿದ್ದು ಪೋಲೆಂಡ್ ದೇಶದ ಒಬ್ಬ ಇಂಜಿನಿಯರನ ಮನೆ. ಕ್ರಿಸ್‌ಮಸ್ ಹಿಂದಿನ ಸಂಜೆ ಅವರ ಮನೆಯ ಊಟದ ರೀತಿಯೇ ಬೇರೆ. ಮೇಜಿನ ಬಿಳಿ ಬಟ್ಟೆಯ ಕೆಳಗೆ ಒಣಹುಲ್ಲು ಹರವುತ್ತಾರೆ. ಆಕಾಶದಲ್ಲಿ ಮೊದಲ ಚುಕ್ಕಿ ಕಾಣುವ ತನಕ ಯಾರೂ ಉಣ್ಣುವುದಿಲ್ಲ. ಅಂದು ಮಾಂಸ ಮಾಡುವುದಿಲ್ಲ. ಹಪ್ಪಳದಂಥ ತೆಳ್ಳಗಿನ ರೊಟ್ಟಿಯನ್ನು ಮುರಿದು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾರೆ. ಮನೆಯ ಮಂದಿಗಿಂತ ಒಂದು ತಾಟು ಹೆಚ್ಚು ಇಡುತ್ತಾರೆ.

‘ಯಾರ್ ಬರೋರು ಅದಾರ ಮೇಡಂ ಅಂತ ಕೇಳ್ದೆ. ಯಾರೂ ಇಲ್ಲ, ಯಾರರ ಬಂದ್ರ ಇರ್ಲಿ ಅಂದ್ಲು. ಅಷ್ಟ್ ಎತ್ತರದ ಬಿಲ್ಡಿಂಗಿನ್ಯಾಗ ಯಾರ್ ಬರ್ತಾರವ್ವ! ಕೆಳಗ ವಾಚ್‌ಮನ್ನೇ ಬಿಡಂಗಿಲ್ಲ.’

ಯಾರೂ ಬರಲಿಲ್ಲ. ಆಕೆ ನೀರಿನ ಜಗ್ಗು ಹಿಡಿದು ಅಡುಗೆಮನೆಯಿಂದ ಹೊರಗೆ ಬಂದಾಗ ಆ ಮನೆಯ ಮುದುಕಿ, ಇಂಜಿನಿಯರನ ತಾಯಿ, ಏನೂ ಅನ್ನದೆ ಖಾಲಿ ತಾಟಿನ ಮುಂದಿನ ಕುರ್ಚಿಯನ್ನು ಹಿಂದಕ್ಕೆ ಎಳೆದಳಂತೆ.

‘ಕರೀಲಿಲ್ಲ ಆಕಿ. ಕುರ್ಚಿ ಎಳದ್ಲು, ಅಷ್ಟೇ. ನಾ ಜಗ್ಗು ಹಿಡ್ಕೊಂಡೇ ಕುಂತೆ. ಅಲ್ಲೀ ತನಕ ಇನ್ನೊಬ್ಬರ ಮನ್ಯಾಗ, ಅವರ ತಾಟಿನ್ಯಾಗ, ಅವರ ಬರಾಬರಿ ಕುಂತು ಉಂಡಾಕಿನೇ ಅಲ್ಲ ನಾ. ಊರಾಗ ಗೌಡರ ಅಂಗಳದಾಗ ನಮ್ಮವ್ವಗ ಬ್ಯಾರೆ ಲೋಟಾ ಇತ್ತು. ನಿನಗೂ ಗೊತ್ತದಲ್ಲ.’

ನನಗೆ ಗೊತ್ತಿತ್ತು. ಕಲ್ಹೇರ್ ಹತ್ತಿರದ ನಮ್ಮ ಹಳ್ಳಿಯಲ್ಲಿ ನಮ್ಮ ಅವ್ವನ ಲೋಟವೂ ಒಂದು ಇತ್ತು.

ಆ ಮನೆಯವರು ತಮ್ಮ ದೇಶಕ್ಕೆ ಹೋದರು. ಆಕೆ ಇಲ್ಲಿಗೆ ಬಂದಳು, ಬರುವಾಗ ಆ ಸಂಜೆಯನ್ನು ಜೊತೆಗೆ ತಂದಳು. ಕ್ರಿಸ್‌ಮಸ್ ಯಾಕೋ ತನ್ನದು ಅನ್ನಿಸಲಿಲ್ಲವಂತೆ. ಅದೇ ಚಳಿಯಲ್ಲಿ ಬರುವ ಎಳ್ಳಮಾಸಿಗೆ ಅದನ್ನು ಕೂಡಿಸಿಕೊಂಡಳು. ಚರಗ ಚೆಲ್ಲಲು ಆಕೆಗೆ ಹೊಲ ಎಲ್ಲಿತ್ತು? ಒಣಹುಲ್ಲಿನ ಬದಲು ಚಾಪೆಯ ಕೆಳಗೆ ಜೋಳದ ಒಣಗರಿ ಹರವಿದಳು. ಹಪ್ಪಳದಂಥ ರೊಟ್ಟಿಯ ಬದಲು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಎರಡು ಮಾಡಿ ಎರಡೂ ತಾಟಿಗೆ ಇಟ್ಟಳು. ಇನ್ನು ಎಳ್ಳಮಾಸಿಗೆ ಕಾಳು, ಕಾಯಿಪಲ್ಯೆ ಕೂಡಿಸಿ ಬೇಯಿಸುವ ಭಜ್ಜಿ ಹೇಗೂ ಇತ್ತು.

‘ಅವರು ಹನ್ನೆರಡು ಥರಾ ಅಡಗಿ ಮಾಡಿ ದಣೀತಾರ. ನಮ್ಮ ಭಜ್ಜ್ಯಾಗ ಅವರಿ, ತೊಗರಿ, ಕಡ್ಲಿ, ಬದನಿ, ಮೆಂತಿ, ಗಜ್ಜರಿ, ಎಲ್ಲಾ ಒಂದೇ ಗಡಗ್ಯಾಗ. ನಾವು ಶ್ಯಾಣ್ಯಾರು.’

‘ಹಂಗಾದ್ರ ಯಾರನ್ನರ ಕರೀ ದೊಡ್ಡವ್ವ. ನಾ ಬರ್ತೀನಿ.’

‘ಕರದ್ರ ನೆಂಟರು ಬರ್ತಾರ. ಕರೀದೆ ಇಟ್ರ, ಎಲ್ಲೂ ಜಾಗಾ ಇಲ್ದೋರು ಬರ್ತಾರ. ನಿನಗ ಅತ್ತಿ ಮನಿ ಅದ, ನೀ ಯಾಕ ಬರ್ತಿ?’

‘ಇದು ಎಡಿ ಅಲ್ಲ ಅಂತಾದ್ರೂ ಗಲ್ಲ್ಯಾಗ ಹೇಳು.’

‘ಹೇಳಿದ್ರ ಅದೂ ಕರದಂಗೇ ಆತಲ್ಲ’ ಎಂದು ಸಿಪ್ಪೆ ಝಾಡಿಸಿ ಎದ್ದಳು.

ಅಷ್ಟು ಹಟ. ಆ ಹಟದಿಂದಲೇ ಆ ವರ್ಷವೂ ಆ ತಾಟಿನ ಭಜ್ಜಿ ಹಾಗೇ ಆರಿತು. ನಾನು ಅತ್ತೆಯ ಮನೆಯ ಕಿಟಕಿಯಿಂದ ನೋಡಿದೆ. ಗಲ್ಲಿಯಲ್ಲಿ ಯಾರದಾದರೂ ಹೆಜ್ಜೆ ಸಪ್ಪಳವಾದರೆ ಆಕೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂಡುತ್ತಿದ್ದಳು. ಸಪ್ಪಳ ಹಿಂದಿನ ದಾರಿಗೆ ತಿರುಗಿದ ಮೇಲೆ ಭುಜ ಇಳಿಯುತ್ತಿತ್ತು.

ಮೂರನೇ ವರ್ಷ ನನ್ನದು ಕೆಟ್ಟ ವರ್ಷ. ಹತ್ತನೇ ತನಕ ನಾನು ಓದಿದ್ದು ಕನ್ನಡ ಶಾಲೆ. ಕಾಲೇಜಿನಲ್ಲಿ ಪಾಠ ಇಂಗ್ಲಿಷು, ಮಾತು ತೆಲುಗು. ಬಾಕಿ ಎಲ್ಲ ಹೇಗೋ ದಾಟಿದೆ, ಇಂಗ್ಲಿಷ್ ಒಂದು ಮತ್ತೆ ಮತ್ತೆ ಉಳಿಯಿತು. ಉಳಿದದ್ದನ್ನು ಬರೆಯುವ ಪರೀಕ್ಷೆ ಎಳ್ಳಮಾಸಿಯ ಮರುದಿನ ಬಿತ್ತು. ಮನೆಯವರೆಲ್ಲ ಹೊಲಕ್ಕೆ ಹೋದರು, ನಾನು ಪುಸ್ತಕ ಹಿಡಿದು ಉಳಿದೆ.

ಸಂಜೆಗೆ ಊರಿನಿಂದ ಅಪ್ಪನ ಫೋನು ಬಂತು. ‘ಸಾಕು ಬಿಡವ್ವ. ಇಂಗ್ಲೀಸು ಈ ಸಲಾನೂ ಆಗಂಗಿಲ್ಲ ಅಂತ ನಿಮ್ಮತ್ತಿನೇ ಹೇಳ್ಯಾಳ. ನಿನ್ನ ನೋಡಾಕ ನಾಳಿಗಿ ಮಂದಿ ಬರ್ತಾರ, ಛಲೋ ಮನಿ. ಮುಂಜಾನಿ ಮದ್ಲ ಬಸ್ಸಿಗಿ ಬಂದುಬಿಡು.’

‘ನಾಳಿಗಿ ಪರೀಕ್ಷಾ ಅದ ಅಪ್ಪಾ.’

‘ಮತ್ತೇನ್ ಮಾಡ್ಲಿ? ಬರ್ರಿ ಅಂತ ಹೇಳೀನಿ ಅವರಿಗಿ.’

ಅಪ್ಪ ಕೆಟ್ಟವನಲ್ಲ. ದಣಿದಿದ್ದ. ನನಗೆ ನೋವಾಗಿದ್ದು ಅತ್ತೆಯ ಮಾತು. ಎರಡೂವರೆ ವರ್ಷ ಯಾರ ಮನೆಯಲ್ಲಿ ಉಂಡು ಓದಿದೆನೋ ಅವಳೇ ಹಾಗೆ ಹೇಳಿ ಹೋಗಿದ್ದಳು. ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ. ಊರಿಗೆ ಹೋಗಲು ಮನಸ್ಸಿರಲಿಲ್ಲ, ಆ ಮನೆಯಲ್ಲಿ ಕೂಡಲೂ ಆಗಲಿಲ್ಲ. ಚೀಲ ಹಿಡಿದು ಗಲ್ಲಿಯಲ್ಲಿ ನಿಂತೆ. ಎದುರಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ತೆರೆದಿದ್ದು ಒಂದೇ.

ಆಕೆ ನನ್ನನ್ನು ನೋಡಿದಳು. ರೊಟ್ಟಿ ಮುರಿಯುತ್ತಿದ್ದ ಕೈ ಅಲ್ಲೇ ನಿಂತಿತು. ಬಾ ಎನ್ನಲಿಲ್ಲ. ನಾನೂ ಏನೂ ಕೇಳಲಿಲ್ಲ. ಚಪ್ಪಲಿ ಬಿಟ್ಟು, ಚೀಲ ಬಾಗಿಲ ಹತ್ತಿರ ಇಟ್ಟು, ಹೋಗಿ ಆ ತಾಟಿನ ಮುಂದೆ ಕೂತೆ. ಚಾಪೆಯ ಕೆಳಗೆ ಜೋಳದ ಗರಿ ಸರಸರ ಎಂದವು.

‘ಚುಕ್ಕಿ ಕಂಡದೇನು?’ ಎಂದಳು.

‘ಕಂಡದ.’

‘ಹಂಗಾದ್ರ ಉಣ್ಣು.’

ರೊಟ್ಟಿಯ ಅರ್ಧ ನನ್ನ ತಾಟಿಗೆ ಇಟ್ಟಳು. ಯಾಕೆ ಬಂದೆ ಎಂದು ಕೇಳಲಿಲ್ಲ, ಚೀಲದ ಕಡೆ ನೋಡಲೂ ಇಲ್ಲ. ತಾನು ಉಣ್ಣುವುದು ಬಿಟ್ಟು ನನ್ನ ತಾಟು ಖಾಲಿಯಾಗುವುದನ್ನು ನೋಡುತ್ತಾ ಕೂತಳು. ನಡುವೆ ಒಮ್ಮೆ, ‘ಭಜ್ಜಿ ಹ್ಯಾಂಗ ಆಗ್ಯಾದ?’ ಎಂದಳು.

‘ಉಪ್ಪು ಜರಾ ಕಮ್ಮಿ ಆಗ್ಯಾದ ದೊಡ್ಡವ್ವ.’

‘ಹೌದಾ?’ ಆಕೆಯ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಂಡು ನಕ್ಕಳು. ‘ಇಷ್ಟ್ ವರ್ಷ ಹೇಳೋರೇ ಇದ್ದಿಲ್ಲ ನೋಡು.’

ಅದೇ ಹೊತ್ತಿಗೆ ಹೊಲದ ಮಂದಿಯ ಆಟೋ ಬಂದು ನಿಂತಿತು. ನನ್ನ ಬಾಯಲ್ಲಿ ತುತ್ತು, ಬಾಗಿಲಲ್ಲಿ ಅತ್ತೆ. ‘ಅಯ್ಯಯ್ಯೋ! ಎಡಿ ಉಂಡಾಳ ಪೋರಿ! ಸತ್ತೋರ ಎಡಿ ಉಂಡಾಳ!’ ಎಂಬ ಕೂಗಿಗೆ ಮುಚ್ಚಿದ್ದ ಬಾಗಿಲುಗಳೆಲ್ಲ ತೆರೆದವು. ಅತ್ತೆ ನನ್ನನ್ನು ಮನೆಯೊಳಗೆ ಬಿಡಲಿಲ್ಲ. ಅಂಗಳದಲ್ಲೇ ನಿಂತು ಅಪ್ಪನಿಗೆ ಫೋನು ಹಚ್ಚಿದಳು. ‘ನಾಳಿಗಿ ಆಕಿನ್ನ ಕರಸಬ್ಯಾಡ ತಮ್ಮಾ. ಎಡಿ ಉಂಡಾಳ. ಎಡಿ ಉಂಡ ಹುಡಿಗಿನ್ನ ನೋಡಾಕ ಬಂದೋರ ಮುಂದ ಕುಂದ್ರಸ್ತಾರೇನು? ಹುಣ್ಣಿವಿ ಹೋಗ್ಲಿ, ಆಮ್ಯಾಲ ನೋಡೋಣು. ಅವರಿಗಿ ಬರಬ್ಯಾಡ್ರಿ ಅನ್ನು.’

ದೊಡ್ಡವ್ವ ನನ್ನ ಮುಖ ನೋಡಿದಳು. ನಾನು ಆಕೆಯ ಮುಖ ನೋಡಿದೆ. ಎಡೆಯಲ್ಲ ಎಂದು ಇಬ್ಬರೂ ಹೇಳಲಿಲ್ಲ.

ಅಂದು ಅಲ್ಲೇ ಓದಿ ಅಲ್ಲೇ ಮಲಗಿದೆ. ಬೆಳಿಗ್ಗೆ ದವಾಖಾನೆಗೆ ಹೋಗುವ ಮೊದಲು ಕಾಲೇಜಿನ ಗೇಟಿನ ತನಕ ನನ್ನ ಜೊತೆ ನಡೆದು ಬಂದಳು. ಪರೀಕ್ಷೆ ಬರೆದೆ. ಇಂಗ್ಲಿಷ್ ಪಾಸಾಯಿತು. ಆ ಛಲೋ ಮನೆಯವರು ಹುಣ್ಣಿಮೆಯ ತನಕ ಕಾಯಲಿಲ್ಲ, ಬೇರೆ ಕಡೆ ಮಾಡಿಕೊಂಡರು.

ಪಾಸಾದ ಸುದ್ದಿ ಹರಡಿ, ಮುಂದಿನ ವರ್ಷ ಒಬ್ಬ ತಾಯಿ ಇಂಟರ್ ಫೇಲಾದ ಮಗನನ್ನು ಕರೆದುಕೊಂಡು ಬಂದಳು, ಆ ತಾಟಿಗೆ ಕೂಡಿಸಿ ಎಂದು. ‘ಇದು ಪಾಸಿನ ತಾಟಲ್ಲ ತಾಯಿ. ಮನಿಗಿ ಕರಕೊಂಡು ಹೋಗಿ ನೀನೇ ಉಣ್ಣಸು’ ಎಂದು ದೊಡ್ಡವ್ವ ಕೈ ಮುಗಿದು ಕಳಿಸಿದಳು. ನನಗೂ ಆ ತಾಟು ಮತ್ತೆ ಸಿಗಲಿಲ್ಲ. ‘ನೀ ಈಗ ನೆಂಟಳಾದಿ. ಹಗಲಿಗಿ ಬಾ, ಅಡಗಿಗಿ ಕೈ ಹಚ್ಚು’ ಎನ್ನುತ್ತಿದ್ದಳು. ನಾನು ನಾರಾಯಣಖೇಡದಲ್ಲಿ ಶಾಲೆಯ ಕೆಲಸಕ್ಕೆ ಸೇರಿದ ಮೇಲೂ ಎಳ್ಳಮಾಸಿಯ ಬೆಳಿಗ್ಗೆ ಹೋಗಿ ಸೊಪ್ಪು ಸೋಸಿ, ರೊಟ್ಟಿ ಬಡಿದು ಕೊಡುತ್ತಿದ್ದೆ. ಹೊತ್ತು ಇಳಿಯುತ್ತಲೇ ಆಕೆ ನನ್ನನ್ನು ಬಸ್ಸು ಹತ್ತಿಸುತ್ತಿದ್ದಳು. ಇನ್ನೊಂದು ತಾಟು ಹಾಕು, ನಾನೂ ಇರುತ್ತೇನೆ ಎಂದರೆ, ‘ನನ್ನ ಹತ್ರ ತಾಟು ಎರಡೇ ಅದಾವ’ ಎನ್ನುವಳು. ಬಸ್ಸಿನ ಕಿಟಕಿಯಿಂದ ನೋಡಿದರೆ ಒಬ್ಬಳೇ ಬೇಗ ಬೇಗ ಹೆಜ್ಜೆ ಹಾಕುತ್ತಿರುತ್ತಿದ್ದಳು, ಚುಕ್ಕಿ ಮೂಡುವ ಮೊದಲು ಬಾಗಿಲು ತೆರೆಯಲು.

ನನ್ನಿಂದ ಆಕೆ ಕೇಳಿದ್ದು ಒಂದೇ. ‘ಡಿಗ್ರಿ ಕಾಗದ ಬಂದ ದಿನ ನನ್ನ ಕೈಯಾಗ ಒಂದ್ಸಲ ಕೊಡು. ನೋಡಿ ವಾಪಸ್ ಕೊಡ್ತೀನಿ. ನನ್ನ ಪಾಸ್‌ಪೋರ್ಟು ಯಾವಾಗ್ಲೂ ಮಾಲಕರ ಕಪಾಟಿನ್ಯಾಗೇ ಇರ್ತಿತ್ತು. ತನ್ನ ಕಾಗದ ತಾನೇ ಹಿಡದು ನಿಂತ ಹೆಣ್ಣಮಗಳನ್ನ ನಾ ನೋಡಬೇಕು.’

ಕಾಗದ ಬರುವುದು ತಡವಾಯಿತು. ಆಕೆ ಕಾಯಿಲೆ ಬಿದ್ದಾಗ ತಂಗಿ ಬಂದು ತಾಂಡೂರಿಗೆ ಕರೆದುಕೊಂಡು ಹೋದಳು. ಆ ಸಲದ ಎಳ್ಳಮಾಸಿ ಆಕೆ ಅಲ್ಲೇ ಮಾಡಿದಳು. ಬೇಸಿಗೆಯ ಹೊತ್ತಿಗೆ ತೀರಿಕೊಂಡಳು. ನನಗೆ ಗೊತ್ತಾಗಿದ್ದು ಮಣ್ಣು ಮಾಡಿ ಎಷ್ಟೋ ದಿನಗಳಾದ ಮೇಲೆ. ಹೇಳಿದವಳು ಅತ್ತೆ. ‘ಕೋಣಿ ಖಾಲಿ ಮಾಡೋವಾಗ ಚಾಪಿ ಕೆಳಗ ಜ್ವಾಳದ ಗರಿ ಇದ್ವು. ನಾ ಕಸಕ್ಕ ಹಾಕ್ಲಿಲ್ಲ ಬೇ, ಎತ್ತಿಟ್ಟೀನಿ’ ಎಂದಳು.

ಸರ್ಟಿಫಿಕೇಟು ಕೈಗೆ ಬಂದದ್ದು ಅದಾದ ಮೇಲಿನ ಚಳಿಗಾಲದಲ್ಲಿ. ಎಳ್ಳಮಾಸಿಯ ದಿನ ಅದನ್ನು ಚೀಲದಲ್ಲಿಟ್ಟುಕೊಂಡು ತಾಂಡೂರಿನ ಬಸ್ಸು ಹತ್ತಿದೆ. ತಂಗಿಯನ್ನು ನಾನು ನೋಡಿರಲಿಲ್ಲ. ಬಂಡೆ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ ಎಂಬುದಷ್ಟೇ ಗೊತ್ತು. ಕೇಳುತ್ತ ಕೇಳುತ್ತ ಹೋದೆ. ಕಲ್ಲಿನ ಬಿಳಿ ಪುಡಿ ಕೂತ ಗಿಡಗಳು, ಮನೆಗಳ ಛತ್ತುಗಳು. ಮನೆ ಸಿಕ್ಕಾಗ ಹೊತ್ತು ಮುಳುಗುತ್ತಿತ್ತು. ಬಾಗಿಲು ತೆರೆದಿತ್ತು. ತೆರೆದ ಬಾಗಿಲನ್ನೇ ಬಡಿದೆ.

ಅದೇ ಮೂಗು, ಅದೇ ಅಗಲ ಹಣೆಯ ಹೆಂಗಸು ಒಳಗಿನಿಂದ ನೋಡಿದಳು. ‘ಯಾರವ್ವ? ಯಾರು ಕಳಿಸ್ಯಾರ?’

‘ಯಾರೂ ಕಳಿಸಿಲ್ರಿ. ಯಾರೂ ಕರದಿಲ್ರಿ.’

ಆಕೆ ಹೊಸ್ತಿಲ ತನಕ ಬಂದಳು. ‘ಉಪ್ಪು ಕಮ್ಮಿ ಆಗ್ಯಾದ ಅಂದಾಕಿ ನೀನೇ ಏನು?’

ನಾನು ತಲೆಯಾಡಿಸಿದೆ. ಒಳಗೆ ಚಾಪೆಯ ಮೇಲೆ ಎರಡು ತಾಟು ಇದ್ದವು. ಒಂದರ ಪಕ್ಕ ದೊಡ್ಡವ್ವನ ಸಣ್ಣ ಫೋಟೋ.

‘ಹೋದ ವರ್ಷ ಅಕ್ಕ ಇಲ್ಲೇ ಹಾಕಿದ್ಲು. ಯಾರೂ ಬರಲಿಲ್ಲ ಅಂತ ನಾನೇ ಕುಂದ್ರಾಕ ಹೋದ್ರ, ಏಳು, ನೀ ಮನ್ಯಾಕಿ ಅಂತ ಬೈದ್ಲು’ ಎಂದಳು ತಂಗಿ. ‘ಈ ಸಲ ಆಕಿಗೇ ಎಡಿ ಅಂತ ಇಟ್ಟೀನಿ.’ ಹೇಳುತ್ತಲೇ ಬಗ್ಗಿ ಫೋಟೋ ಎತ್ತಿಕೊಂಡು ಗೋಡೆಯ ಮೊಳೆಗೆ ಹಾಕಿದಳು. ‘ಸತ್ತೋರಿಗಲ್ಲ, ಬರೋರಿಗಿ ಅಂತಿದ್ಲು. ಕುಂದ್ರವ್ವ.’

ಕೂತು ಉಂಡೆ. ಉಪ್ಪು ಸರಿಯಾಗಿತ್ತು. ಕೈ ತೊಳೆದು ಬಂದು, ಚೀಲದಿಂದ ಸರ್ಟಿಫಿಕೇಟು ತೆಗೆದು, ಅದು ಏನು, ಯಾರು ಕೇಳಿದ್ದರು ಎಂದು ಹೇಳಿ ಆಕೆಯ ಕೈಗೆ ಕೊಟ್ಟೆ. ಕಲ್ಲಿನ ಪುಡಿಗೆ ಒಡೆದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡೇ ಹಿಡಿದಳು. ಅಕ್ಕನ ಫೋಟೋದ ಮುಂದೆ ಹೋಗಿ, ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಳು. ಆಮೇಲೆ ತಂದು ನನಗೆ ವಾಪಸು ಕೊಟ್ಟಳು.

‘ಅಕ್ಕ ಯಾರನ್ನೂ ಕರೀಲಿಲ್ಲ. ನನಗ ಹಂಗ ಇರಾಕ ಬರಂಗಿಲ್ಲವ್ವ. ಮುಂದಿನ ಎಳ್ಳಮಾಸಿಗಿ ಬಾ, ನಾ ಕರೀತೀನಿ. ನಿನ್ನ ತಾಟು ನನ್ನ ಬಾಜೂಕ ಹಾಕ್ತೀನಿ. ಆ ತಾಟು ಹಂಗೇ ಖಾಲಿ ಇರ್ಲಿ, ಯಾರರ ಬರ್ತಾರ.’